ಕೆಂಪು ಲೈಟಿನ ಅಡಿಯ ತೂತು

ಅಣ್ಣನ ಪರವಾಗಿ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮೂಡಬಿದಿರೆಯ ಧಣಿಗಳ ಅಂಗಳದಲ್ಲಿ, ಹಾಡುಹಗಲೇ, ಅವನಿಂದ ನಾಲ್ಕು ಮಾರು ದೂರದಲ್ಲಿ ನಿಂತುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಹೆದರಿಕೆಯಿಂದ ಸುಮ್ಮನಿದ್ದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬರಬಹುದು. ನನಗೆ ಅದು ಬೇಡ. ಹೆದರಿಕೆ ಇತ್ತು, ನಿಜ. ಸ್ವಾರ್ಥವೂ ಇತ್ತು. ಎರಡನ್ನೂ ಬರೆಯುತ್ತೇನೆ.

ಇದೆಲ್ಲ ಮತ್ತೆ ಎದ್ದು ಬಂದದ್ದು ಹೋದ ಮಳೆಗಾಲದಲ್ಲಿ. ಬೆಳ್ತಂಗಡಿಯ ನಮ್ಮ ಪಕ್ಕದ ಮನೆಯ ಟೀಚರು ತಮ್ಮ ಕಾರನ್ನು ನಮ್ಮ ಗೇಟಿನ ಹತ್ತಿರ ನಿಲ್ಲಿಸುತ್ತಾರೆ. ಒಂದು ಬೆಳಿಗ್ಗೆ ಅಂಗಳ ಗುಡಿಸಲು ಹೋದವಳು ನೋಡಿದೆ, ಕಾರಿನ ಹಿಂದಿನ ಕೆಂಪು ಲೈಟಿನ ಒಳಗೆ ಬೆವರಿನ ಹಾಗೆ ಹನಿಗಳು. ಅಡಿಯಲ್ಲಿ ಒಂದು ಬೆರಳಿನಷ್ಟು ನೀರು ನಿಂತಿತ್ತು. ಟೀಚರು ಹೊರಗೆ ಬಂದು, ಇಡೀ ಲೈಟನ್ನೇ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳಿದ್ದಾರೆ ಎಂದರು. ಅಡಿಯ ತೂತು ಕಟ್ಟಿಕೊಂಡಿರಬೇಕು, ಅದನ್ನು ಬಿಡಿಸಿದರೆ ಸಾಕು ಎಂದೆ. ನಿಮಗೆ ಹೇಗೆ ಗೊತ್ತು ಅಜ್ಜಿ ಎಂದು ಅವರು ನಕ್ಕರು. ನಾನು ಹಿಡಿಸೂಡಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದು ಕೂತುಬಿಟ್ಟೆ...

ನನ್ನ ತವರು ಬಂಟ್ವಾಳ. ನಮ್ಮದು ದೋಣಿಯವರ ಮನೆ. ನೇತ್ರಾವತಿಯಲ್ಲಿ ಅಕ್ಕಿ, ಬೆಲ್ಲ, ಅಡಿಕೆ ತುಂಬಿಕೊಂಡು ಮಂಗಳೂರಿಗೆ ಹೋಗುವ ದೋಣಿಗಳ ಕೊನೆಯ ಕಾಲ ಅದು. ಅಪ್ಪ ದೋಣಿ ನಡೆಸುತ್ತಿದ್ದರು. ರಾಳದ ಪುಡಿಯನ್ನು ಎಣ್ಣೆಯಲ್ಲಿ ಕುದಿಸಿ ಅಂಟು ಮಾಡಿ, ಹತ್ತಿಯ ಜೊತೆ ಹಲಗೆಗಳ ಸಂದಿಗೆ ತುಂಬುವುದು ನಮ್ಮ ಮನೆಯಲ್ಲಿ ಹೆಂಗಸರ ಕೆಲಸ. ನಾಲ್ಕನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ ಮೇಲೆ ನಾನು ಕಲಿತ ವಿದ್ಯೆ ಅದೊಂದೇ. ನಾನು ಮೆತ್ತಿದ ಸಂದಿಯಲ್ಲಿ ನೀರು ಬಂತು ಎಂದು ಯಾರೂ ಹೇಳಿದ್ದಿಲ್ಲ.

ಹೊಳೆಬದಿಯಲ್ಲಿ ಒಂದು ಕ್ರಮ ಇತ್ತು. ಕಟ್ಟಿಹಾಕಿದ ದೋಣಿಯಲ್ಲಿ ತೂತು ಕಂಡರೆ, ಅದು ಯಾರದ್ದೇ ದೋಣಿಯಾಗಲಿ, ಕಂಡವರು ಮುಚ್ಚಬೇಕು. ಕೇಳಬೇಕಾಗಿಲ್ಲ, ಹೇಳಬೇಕಾಗಿಯೂ ಇಲ್ಲ. ಮುಚ್ಚಿ, ಕೈ ತೊಳೆದುಕೊಂಡು ನಮ್ಮ ದಾರಿ ನಾವು ಹಿಡಿಯುವುದು. ಅಪ್ಪನ ಮೇಲೆ ಕೋರ್ಟಿಗೆ ಹೋಗಿದ್ದ ಒಬ್ಬರ ದೋಣಿಗೆ ಅಪ್ಪನೇ ಅಂಟು ಮೆತ್ತುವುದನ್ನು ನಾನು ನೋಡಿದ್ದೇನೆ. ಮೆತ್ತುವಾಗ ಅವರಿಗೆ ಬೈಯುತ್ತಲೇ ಇದ್ದರು. ಕೈ ಮಾತ್ರ ನಿಲ್ಲಿಸಲಿಲ್ಲ.

ಆಮೇಲೆ ರಸ್ತೆ ಒಳ್ಳೆಯದಾಯಿತು, ಲಾರಿಗಳು ಬಂದವು. ಸಾಮಾನು ಹೊಳೆ ಬಿಟ್ಟು ರಸ್ತೆ ಹತ್ತಿತು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅಣ್ಣ ಡ್ರೈವಿಂಗ್ ಕಲಿತು ಮೂಡಬಿದಿರೆಯ ಒಬ್ಬ ಜೈನ ಧಣಿಗಳಲ್ಲಿ ಕಾರು ನಡೆಸಲು ಸೇರಿದ. ಅತ್ತಿಗೆಯನ್ನು ಕರೆದುಕೊಂಡು ಹೋಗಿ ಅವರ ಹಿತ್ತಲಿನ ಬಿಡಾರದಲ್ಲಿ ಸಂಸಾರ ಹೂಡಿದ. ಬಂಟ್ವಾಳದ ಮನೆಯಲ್ಲಿ ಉಳಿದದ್ದು ಅಜ್ಜಿ, ನಾನು ಮತ್ತು ಅಂಗಳದ ಮೂಲೆಯಲ್ಲಿ ಕವುಚಿಹಾಕಿದ ದೋಣಿ. ಅದು ಇನ್ನು ನೀರಿಗೆ ಇಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಪ್ರತಿ ವರ್ಷ ನಾನು ಅದಕ್ಕೆ ಅಂಟು ಮೆತ್ತುತ್ತಿದ್ದೆ. ಸೌದೆಗಾದರೂ ಕೊಡು ಎಂದು ಕೇಳಿಕೊಂಡು ಬಂದವರನ್ನು ಬೈದು ಕಳಿಸುತ್ತಿದ್ದೆ.

ಧಣಿಗಳ ಕಾರು ಕಪ್ಪು ಬಣ್ಣದ್ದು, ದೊಡ್ಡದು, ಹಳೆಯ ಕಾಲದ್ದು; ಹಿಂದೆ ಒಂದು ಬದಿಗೆ ಮಾತ್ರ ಕೆಂಪು ಲೈಟು. ಮಳೆ ಸುರುವಾದರೆ ಅದರ ಹಿಂದಿನ ಲೈಟಿನ ಒಳಗೆ ಹಬೆ ಕೂರುತ್ತಿತ್ತು, ಆಮೇಲೆ ನೀರು ನಿಲ್ಲುತ್ತಿತ್ತು, ಆಮೇಲೆ ಬಲ್ಬು ಹೋಗುತ್ತಿತ್ತು. ಮಂಗಳೂರಿನಲ್ಲಿ ಎರಡು ಸಲ ಸುತ್ತಲೂ ಮುಚ್ಚಿಸಿ ತಂದರೂ ಅದೇ ಕತೆ. ಕೊನೆಗೆ ಅಣ್ಣನೇ ಬಿಚ್ಚಿದನಂತೆ. ಗಾಜನ್ನು ಬೂದಿ ಹಾಕಿ ತೊಳೆದು ಬಚ್ಚಲಿನ ಒಲೆಯ ಬಳಿ ಒಣಗಿಸಿದ. ಬಲ್ಬು ಕೂರುವ ಜಾಗದ ತುಕ್ಕನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ ತೆಗೆದ. ಸೈಕಲಿನ ಹಳೆಯ ಟ್ಯೂಬನ್ನು ಕತ್ತರಿಸಿ ಗಾಜಿನ ಅಂಚಿಗೆ ಕೂರಿಸಿದ. ಕೊನೆಗೆ ಲೈಟಿನ ತಗಡಿನ ಅಡಿಗೆ ಮೊಳೆ ಇಟ್ಟು ಒಂದು ತೂತು ಹೊಡೆದ. ಜಗಲಿಯಲ್ಲಿ ಪೇಪರು ಓದುತ್ತಿದ್ದ ಧಣಿಗಳು ಅದನ್ನು ನೋಡಿ, ನೀರು ಬರಬಾರದು ಎಂದು ತೂತು ಮಾಡುವವನನ್ನು ಇವತ್ತೇ ನೋಡಿದ್ದು ಎಂದು ನಕ್ಕರಂತೆ. ನೀರು ಹೇಗಾದರೂ ಬಂದೇ ಬರುತ್ತದೆ ಧಣಿ, ಹೋಗಲಿಕ್ಕೆ ಅದಕ್ಕೆ ದಾರಿ ಬೇಕು ಎಂದನಂತೆ ಅಣ್ಣ. ಆ ಮಳೆಯಲ್ಲಿ ಲೈಟಿಗೆ ಏನೂ ಆಗಲಿಲ್ಲ. ಆದರೂ ಧಣಿಗಳು ಬಂದ ನೆಂಟರಿಗೆಲ್ಲ ಆ ತೂತಿನ ಕತೆ ಹೇಳಿ ನಗುತ್ತಿದ್ದರು.

ಇದು ನನಗೆ ಅತ್ತಿಗೆ ಆಮೇಲೆ ಹೇಳಿದ್ದು. ಮೊದಲೇ ಗೊತ್ತಿದ್ದಿದ್ದರೆ...

ಮರುವರ್ಷ ಆಟಿ ತಿಂಗಳಿನಲ್ಲಿ, ಆಷಾಢದ ಜಡಿಮಳೆಯಲ್ಲಿ, ಧಣಿಗಳು ಬಂಟ್ವಾಳದ ನೆಂಟರ ಮನೆಗೆ ಎರಡು ದಿನಕ್ಕೆ ಬಂದರು. ನೆಂಟರ ಓಣಿಗೆ ಕಾರು ಹೋಗುವುದಿಲ್ಲ, ಹಾಗಾಗಿ ಅಣ್ಣ ಅದನ್ನು ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿದ. ಅತ್ತಿಗೆಗೆ ಆಗ ಏಳು ತಿಂಗಳು. ಅವರಿಗೆ ಸಹಾಯಕ್ಕೆಂದು ನಾನೂ ಅದೇ ಕಾರಿನಲ್ಲಿ ಮೂಡಬಿದಿರೆಗೆ ಹೋಗುವುದೆಂದು ಮಾತಾಗಿತ್ತು. ಎರಡನೇ ದಿನ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತು. ಅಣ್ಣ ಪೇಟೆಗೆ ಹೋಗಿದ್ದ. ದೋಣಿಯ ಒಂದು ಹಲಗೆ ಬಿರುಕು ಬಿಟ್ಟದ್ದನ್ನು ನೋಡಿ ನಾನು ಅಂಟು ಕಾಯಿಸಿಕೊಂಡು ಕೂತಿದ್ದೆ. ಹಿಂದೆ ಏನೋ ತೊಟ್ಟಿಕ್ಕುವ ಸದ್ದು. ತಿರುಗಿ ನೋಡಿದರೆ ಕಾರಿನ ಕೆಂಪು ಲೈಟಿನ ಅಡಿಯಿಂದ ಹನಿ ಬೀಳುತ್ತಿತ್ತು. ಬಗ್ಗಿ ನೋಡಿದೆ. ಬೆಂಕಿಕಡ್ಡಿಯ ತಲೆಯಷ್ಟು ತೂತು.

ನನಗೆ ಬೇರೆ ಯೋಚನೆಯೇ ಬರಲಿಲ್ಲ. ತೂತು ಉಂಟು, ನೀರು ಉಂಟು, ಕೈಯಲ್ಲಿ ಬಿಸಿ ಅಂಟು ಉಂಟು. ಒಂದು ಚೂರು ತೆಗೆದು ತುಂಬಿದೆ. ಹೆಬ್ಬೆರಳನ್ನು ಒದ್ದೆ ಮಾಡಿ ನುಣ್ಣಗೆ ತಿಕ್ಕಿದೆ. ಆರಿದ ಮೇಲೆ ಅದರ ಮೇಲೆ ಧೂಳು ಕೂತು, ತಗಡು ಯಾವುದು ಅಂಟು ಯಾವುದು ಎಂದು ಗೊತ್ತಾಗದ ಹಾಗೆ ಆಯಿತು. ಅಣ್ಣ ಬಂದಾಗ ನಾನು ಏನೂ ಹೇಳಲಿಲ್ಲ. ಮುಚ್ಚಿಡಬೇಕೆಂದು ಅಲ್ಲ. ತೂತು ಮುಚ್ಚಿದ್ದನ್ನು ಹೇಳಿಕೊಂಡು ತಿರುಗುವ ಕ್ರಮ ನಮ್ಮಲ್ಲಿ ಇರಲಿಲ್ಲ. ಇಷ್ಟರವರೆಗೆ ನನ್ನದು ತಪ್ಪಲ್ಲ. ಇವತ್ತಿಗೂ ಹಾಗೆಯೇ ಹೇಳುತ್ತೇನೆ, ಯಾರು ಕೇಳಿದರೂ ಹೇಳುತ್ತೇನೆ. ತಪ್ಪು ಇರುವುದು ಮುಂದೆ.

ಮೂಡಬಿದಿರೆಗೆ ಹೋಗಿ ಎರಡು ವಾರ ಆಗಿತ್ತು. ಆ ಎರಡು ವಾರವೂ ಮಳೆ ಬಿಡಲಿಲ್ಲ. ಧಣಿಗಳ ತಾಯಿ ಬೆಳ್ತಂಗಡಿಯ ಮಗಳ ಮನೆಗೆ ಹೋದವರು ವಾಪಸು ಹೊರಡುವಾಗ ತಡವಾಯಿತು. ಅವರಿಗೆ ಹೊತ್ತು ಮುಳುಗುವ ಮೊದಲು ಊಟ ಆಗಬೇಕು, ಇಲ್ಲದಿದ್ದರೆ ಆ ದಿನಕ್ಕೆ ಊಟ ಇಲ್ಲ. ಬೇಗ ಹೋಗುವ, ಬೇಗ ಹೋಗುವ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರಂತೆ. ಹೊರಡುವಾಗ ಅಣ್ಣ ಕಾರಿನ ಹಿಂದೆ ಹೋಗಿ ಲೈಟು ಉರಿಯುವುದನ್ನು ನೋಡಿಕೊಂಡೇ ಹೊರಟಿದ್ದ. ಕತ್ತಲಾಗುತ್ತಿರುವಾಗ ಶಿರ್ತಾಡಿಯ ಹತ್ತಿರ ಇಳಿಜಾರಿನಲ್ಲಿ ರಸ್ತೆಗೆ ಒಂದು ಕೊಂಬೆ ಬಿದ್ದಿತ್ತು. ಅಣ್ಣ ಕಾರು ನಿಲ್ಲಿಸಿದ. ಹಿಂದಿನಿಂದ ಸೌದೆ ಹೇರಿಕೊಂಡು ಬಂದ ಲಾರಿ ಗುದ್ದಿತು. ಎದುರಿಗೆ ಗಾಡಿ ಉಂಟು ಎಂದೇ ಕಾಣಲಿಲ್ಲ, ಕೆಂಪು ಲೈಟೇ ಇರಲಿಲ್ಲ ಎಂದನಂತೆ ಲಾರಿಯವನು. ಧಣಿಗಳ ತಾಯಿಯ ಎಡಗೈ ಮುರಿಯಿತು. ಅಣ್ಣನ ಹಣೆ ಒಡೆಯಿತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಸೇರಿದರು. ಧಣಿಗಳು ಜಗಲಿಯಲ್ಲಿ, ಅವರ ಪಾರುಪತ್ಯಗಾರರು ಮೆಟ್ಟಿಲಲ್ಲಿ, ಕೆಲಸದವರು ಗೋಡೆಯ ಬದಿಗೆ. ನಾನು ಒಳಗಿದ್ದ ಆ ಅಮ್ಮನ ಕೈಗೆ ಶಾಖ ಕೊಡಲು ಬಿಸಿನೀರಿನ ತಪಲೆ ಹಿಡಿದುಕೊಂಡು ಹೋಗುತ್ತಿದ್ದವಳು ಅಲ್ಲೇ ನಿಂತೆ. ಕಾರಿನ ಹಿಂದಿನ ಒಂದು ಬದಿ ಜಜ್ಜಿಹೋಗಿತ್ತು. ಇನ್ನೊಂದು ಬದಿಯಲ್ಲಿದ್ದ ಲೈಟು ಹಾಗೆಯೇ ಉಳಿದಿತ್ತು. ಅದನ್ನು ಬಿಚ್ಚಲು ಧಣಿಗಳು ಹೇಳಿದರು. ಅಣ್ಣ ತಲೆಗೆ ಬಟ್ಟೆ ಕಟ್ಟಿಕೊಂಡೇ ಕೂತು ಸ್ಕ್ರೂ ತಿರುಗಿಸಿದ. ಗಾಜು ಕೈಗೆ ಬಂದ ಕೂಡಲೇ ಒಂದು ಕುಡ್ತೆ ನೀರು, ಒಂದು ಲೋಟ ತುಂಬುವಷ್ಟು, ಅವನ ಕಾಲ ಮೇಲೆ ಚೆಲ್ಲಿತು.

ಧಣಿಗಳು ನಗಲಿಲ್ಲ. "ಎಲ್ಲಿ ಉಂಟು ನಿನ್ನ ತೂತು?" ಎಂದು ಕೇಳಿದರು.

ಅಣ್ಣ ತಗಡಿನ ಅಡಿಗೆ ಹೆಬ್ಬೆರಳು ಹಾಕಿ ಸವರಿದ. ಒಂದು ಕಡೆ ಬೆರಳು ನಿಂತಿತು. ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದ. ರಾಳದ ವಾಸನೆ ನಮ್ಮ ಮನೆಯಲ್ಲಿ ಹುಟ್ಟಿದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಆಮೇಲೆ ಧಣಿಗಳ ಕಡೆ ತಿರುಗಿದ.

"ತೂತು ಇತ್ತು ಧಣಿ. ಮುಚ್ಚಿಹೋಗಿದೆ."

"ಮುಚ್ಚಿದ್ದು ಯಾರು?"

ಅಣ್ಣ ಉಗುರಿನ ಅಂಟನ್ನು ಬಟ್ಟೆಗೆ ಒರೆಸಿಕೊಂಡ; ತೂತು ಬಿಡಿಸಿ ತೋರಿಸಿದರೆ ಅಂಟು ಯಾರದ್ದು ಎಂಬ ಮಾತು ಬರುತ್ತಿತ್ತು. ಪಾರುಪತ್ಯಗಾರರು, ಮಳೆಯೇ ಬಂದು ಮುಚ್ಚಿ ಹೋಗಿರಬೇಕು ಮಾರಾಯ ಎಂದರು. ಗೋಡೆಯ ಬದಿಯಲ್ಲಿ ಇದ್ದವರು ನಕ್ಕರು. ತೂತು ಹೊಡೆದದ್ದೇ ಸುಳ್ಳು, ಅವತ್ತು ಧಣಿಗಳ ಎದುರು ಜಾಣತನ ತೋರಿಸಿದ್ದು ಅಷ್ಟೇ ಎಂದು ಯಾರೋ ಹೇಳಿದರು.

ಧಣಿಗಳು ಕೆಟ್ಟವರಲ್ಲ. ಅವರ ತಾಯಿಯ ಕೈ ಮುರಿದಿತ್ತು, ಆದರೂ ಅಣ್ಣನನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಒಳಗೆ ಹೋಗಿ ಅಮ್ಮನ ಕಾಲು ಹಿಡಿದು, ಸುಳ್ಳು ಹೇಳಿದ್ದೆ, ತಪ್ಪಾಯಿತು ಎಂದು ಒಂದು ಮಾತು ಹೇಳಿಬಿಡು, ನಾಳೆಯಿಂದ ಮೊದಲಿನ ಹಾಗೆ ಇರು ಎಂದರು.

"ಅಮ್ಮನ ಕೈ ಮುರಿದದ್ದಕ್ಕೆ ನನ್ನ ಹೊಟ್ಟೆ ಉರೀತದೆ. ಕಾಲು ಹಿಡಿಯೆಂದರೆ ಹಿಡಿಯುತ್ತೇನೆ. ಸುಳ್ಳು ಹೇಳಿದೆ ಅಂತ ಮಾತ್ರ ಹೇಳುವುದಿಲ್ಲ. ನಾನು ಹೇಳಿದ್ದು ಸುಳ್ಳಲ್ಲ."

ಈಗ ನಾನು ಬಾಯಿ ಬಿಡಬೇಕಿತ್ತು. ತಪಲೆಯ ಬಿಸಿ ಸೆರಗು ದಾಟಿ ಕೈಗೆ ತಾಗುತ್ತಿತ್ತು. ನನ್ನ ತಲೆಯೊಳಗೆ ಓಡಿದ್ದು ಏನು ಎಂದು ಹೇಳಿಬಿಡುತ್ತೇನೆ. ಬೆಳ್ತಂಗಡಿಯಲ್ಲಿ ಧಣಿಗಳದ್ದು ಒಂದು ಅಕ್ಕಿ ಗಿರಣಿ ಇತ್ತು. ಅಲ್ಲಿ ಕೆಲಸಕ್ಕಿದ್ದ ಒಬ್ಬರಿಗೆ ನನ್ನನ್ನು ಕೇಳಿದ್ದರು. ಕೇಳಿಸಿದವರು ಇದೇ ಧಣಿಗಳ ತಾಯಿ. ಆಟಿಯಲ್ಲಿ ಮದುವೆಯ ಮಾತು ಆಡುವುದಿಲ್ಲ, ಆಟಿ ಕಳೆಯಲಿ ಎಂದು ನಿಂತಿತ್ತು. ಅಮ್ಮನ ಕೈ ಮುರಿಯಲು ಕಾರಣ ಈ ಹುಡುಗಿ ಎಂದು ಗೊತ್ತಾದರೆ ಆಟಿ ಕಳೆದ ಮೇಲೆ ಯಾರು ಕೇಳುತ್ತಾರೆ? ಅಣ್ಣ ಗಂಡಸು, ಹೇಗಾದರೂ ಬದುಕುತ್ತಾನೆ. ಹೀಗೆ ಯೋಚಿಸಿದೆ. ಇಷ್ಟು ಸ್ಪಷ್ಟವಾಗಿಯೇ ಯೋಚಿಸಿದೆ. ತಪಲೆ ಹಿಡಿದುಕೊಂಡು ಒಳಗೆ ಹೋದೆ.

ಹೊರಗೆ ಮೆಟ್ಟಿಲಿನ ಕಲ್ಲಿನ ಮೇಲೆ ಕಾರಿನ ಕೀ ಇಟ್ಟ ಸದ್ದು ಕೇಳಿತು. ಮೆಲ್ಲಗೆ ಇಟ್ಟದ್ದಲ್ಲ.

ಅವತ್ತೇ ಅಣ್ಣ ಬಿಡಾರ ಖಾಲಿ ಮಾಡಿದ. ಒಂದು ಟ್ರಂಕು ತಲೆಯ ಮೇಲೆ, ಒಂದು ಹಾಸಿಗೆಯ ಸುರುಳಿ ಹೆಗಲಿನಲ್ಲಿ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ಹಿಂದೆ ನಡೆದರು, ಅವರ ಹಿಂದೆ ನಾನು. ಒಂದು ಮಾತು ಹೇಳಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು ಎಂದು ಬಸ್ಸಿನವರೆಗೂ ಕೇಳಿದರು. ಅವನು ತಲೆಯ ಮೇಲಿನ ಟ್ರಂಕು ಸರಿ ಮಾಡಿಕೊಂಡು ಮುಂದೆ ನಡೆದ. ಅತ್ತಿಗೆ ಆ ಪ್ರಶ್ನೆಯನ್ನು ಅಲ್ಲಿಗೆ ಬಿಡಲಿಲ್ಲ. ಮಗು ಹುಟ್ಟಿದಾಗ ಕೇಳಿದರು, ಮಗು ಶಾಲೆಗೆ ಹೋಗುವಾಗ ಕೇಳಿದರು. ನಾನು ಎದುರಿಗೆ ಕೂತಿರುವಾಗ ಎಷ್ಟೋ ಸಲ ಕೇಳಿದ್ದಾರೆ. ಅಣ್ಣ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ನನ್ನ ಮದುವೆ ಆಯಿತು. ಧಣಿಗಳು ಆಡಿದ ಮಾತಿಗೆ ತಪ್ಪಲಿಲ್ಲ, ಎದುರಿನ ಕುರ್ಚಿಯಲ್ಲಿ ಬಂದು ಕೂತರು. ಅಪ್ಪನ ಜಾಗದಲ್ಲಿ ನಿಂತು ಅಣ್ಣ ಅತ್ತಿಗೆ ಧಾರೆ ಎರೆದರು. ಧಣಿಗಳ ಕಡೆ ಅವನು ಕತ್ತು ತಗ್ಗಿಸಲಿಲ್ಲ, ಮುಖ ತಿರುಗಿಸಲೂ ಇಲ್ಲ. ನೆಟ್ಟಗೆ ನೋಡಿ ಕೈ ಮುಗಿದ. ಆ ಒಂದು ಮದುವೆಗಾಗಿ ನಾನು ಅವನನ್ನು ಸುಳ್ಳುಗಾರ ಮಾಡಿದ್ದೆ. ನನ್ನ ಗಂಡ ಒಳ್ಳೆಯವರೇ. ಅದಕ್ಕೇ ಇನ್ನೂ ಕಷ್ಟ... ಕೆಟ್ಟವರಾಗಿದ್ದರೆ ತಕ್ಕದ್ದಾಯಿತು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಡ್ರೈವರ್ ಕೆಲಸಕ್ಕೆ ಅಣ್ಣನನ್ನು ಯಾರೂ ಕರೆಯಲಿಲ್ಲ. ಧಣಿಗಳ ತಾಯಿಯ ಕೈ ಮುರಿದವನು, ಮೇಲೆ ಸುಳ್ಳು ಹೇಳಿದವನು ಎಂಬ ಮಾತು ಅವನಿಗಿಂತ ಮೊದಲೇ ಎಲ್ಲ ಊರಿಗೂ ತಲುಪಿತ್ತು. ಮಡಂತ್ಯಾರಿನಲ್ಲಿ ಕೇಳಿದ, ಬೆಳ್ತಂಗಡಿಯಲ್ಲಿ ಕೇಳಿದ. ಕೊನೆಗೆ ಗುರುವಾಯನಕೆರೆಯಲ್ಲಿ, ನಾಲ್ಕು ಕಡೆಯ ಬಸ್ಸು ನಿಲ್ಲುವ ಜಾಗದಲ್ಲಿ, ಸೋಗೆ ಹೊದಿಸಿದ ಒಂದು ಮಾಡಿನ ಅಡಿಯಲ್ಲಿ ಗಾಡಿಗಳ ಲೈಟು ರಿಪೇರಿಗೆ ಕೂತ. ಬೇರೆ ಯಾವ ಕೆಲಸವೂ ಇಲ್ಲ, ಬರೀ ಲೈಟು. ಬಂದ ಪ್ರತಿ ಲೈಟಿಗೂ ಗಾಡಿಯವರ ಕಣ್ಣೆದುರೇ ಅಡಿಗೆ ಮೊಳೆ ಇಟ್ಟು ಹೊಡೆಯುತ್ತಿದ್ದ. ಅದು ಅವನ ಹಟ. ಹೊಡೆದ ಮೇಲೆ ನೀರು ಹೊಯ್ದು, ಅದು ಕೆಳಗೆ ಇಳಿಯುವುದನ್ನು ಅವರಿಗೆ ತೋರಿಸಿಯೇ ಕಳಿಸುತ್ತಿದ್ದ. ಊರಿನವರು ತೂತಿನ ಮೇಸ್ತ್ರಿ ಎಂದು ಹೆಸರಿಟ್ಟರು. ಬಸ್ಸಿನ ಡ್ರೈವರೊಬ್ಬರು ದಿನಾ, ಏನು ಮೇಸ್ತ್ರಿ, ಇವತ್ತು ಎಷ್ಟು ತೂತಾಯಿತು ಎಂದು ಕೇಳಿಕೊಂಡೇ ಇಳಿಯುತ್ತಿದ್ದರು. "ನಿಮ್ಮ ಬಸ್ಸಿಗೆ ನಾನು ಮಾಡಿದ್ದು ಒಂದೇ ಅಣ್ಣೆರೇ, ಉಳಿದದ್ದೆಲ್ಲ ಅದಕ್ಕೆ ಹುಟ್ಟುವಾಗಲೇ ಇತ್ತು" ಎನ್ನುತ್ತಿದ್ದ ಅಣ್ಣ. ಎರಡು ಮಳೆಗಾಲ ಕಳೆಯುವಾಗ ಆ ದಾರಿಯ ಬಸ್ಸುಗಳೆಲ್ಲ ಅವನಲ್ಲಿಗೇ ಬರುತ್ತಿದ್ದವು.

ಒಂದು ಮಳೆಗಾಲ ಧಣಿಗಳ ಕಾರೂ ಬಂತು. ಹೊಸ ಡ್ರೈವರ್ ಯಾರಿಗೂ ಹೇಳದೆ ತಂದಿದ್ದ, ಲೈಟಿನಲ್ಲಿ ನೀರು. ನಾನು ಆ ದಿನ ಅಲ್ಲೇ ಇದ್ದೆ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು. ಅಣ್ಣ ಗಾಜು ಬಿಚ್ಚಿ ಒಣಗಿಸಿದ, ಅಂಚು ಕೂರಿಸಿದ, ಮೊದಲಿನ ಜಾಗದಲ್ಲಿಯೇ ತೂತು ಬಿಡಿಸಿದ. ಕೂಲಿ ತೆಗೆದುಕೊಂಡ. ಡ್ರೈವರ್ ಹತ್ತುವಾಗ, ತೂತು ಉಂಟು ಎಂದು ಧಣಿಗಳಿಗೆ ಹೇಳು ಎಂದ. ಆತ ಹೇಳಿದನೋ ಇಲ್ಲವೋ, ಗೊತ್ತಿಲ್ಲ.

ಕಾರು ಹೋದ ಮೇಲೆ ಅಣ್ಣ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಕೂತ. ಮಗಳ ಕೈಗೆ ಒಂದು ಹಳೆಯ ಕೆಂಪು ಗಾಜು ಕೊಟ್ಟು ಆಡಿಸಿದ. ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ನೀರು ಇರುತ್ತದಲ್ಲ ಮಾರಾಯ್ತಿ, ಆ ನೀರನ್ನು ಮುಚ್ಚಳಕ್ಕೆ ಯಾರೂ ಹೊಯ್ದದ್ದಲ್ಲ ಎಂದ. ಲೈಟು ಉರಿಯುವಾಗ ಬಿಸಿ, ಹೊರಗೆ ಮಳೆಯ ತಂಪು, ಒಳಗಿನ ಗಾಳಿಯೇ ನೀರಾಗುತ್ತದೆ. ಮೇಲಿನಿಂದ ಮುಚ್ಚಬೇಕು, ಅಡಿಯಲ್ಲಿ ಬಿಡಬೇಕು ಎಂದ.

"ದೋಣಿಗೆ ಹಾಗಲ್ಲ. ದೋಣಿಯಲ್ಲಿ ನೀನು ಮಾಡುವುದೇ ಸರಿ ತಂಗಿ."

ಅಷ್ಟೇ. ಆ ವಿಷಯದಲ್ಲಿ ಬದುಕಿರುವ ತನಕ ಅವನು ನನಗೆ ಹೇಳಿದ್ದು ಅಷ್ಟೇ. ಆ ದಿನ ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಬಸ್ಸು ಹತ್ತಿದೆ. ಆಮೇಲೆ ಎಷ್ಟೋ ವರ್ಷ ಬೆಳ್ತಂಗಡಿಯಿಂದ ಗುರುವಾಯನಕೆರೆಗೆ ಬಸ್ಸಿನಲ್ಲಿ ಹೋಗಿದ್ದೇನೆ, ಬಂದಿದ್ದೇನೆ. ಹೇಳಲು ಆಗಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸರಿಯಲ್ಲ. ಆಗುತ್ತಿತ್ತು. ಹೇಳಲಿಲ್ಲ. ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಸುಳ್ಳುಗಾರ ಎಂದು ಕರೆಸಿಕೊಂಡೇ ಹೋದ, ತಪ್ಪು ಒಪ್ಪಿಕೊಳ್ಳದೆಯೇ ಹೋದ.

ಟೀಚರ ಕಾರಿನ ಲೈಟು ನೋಡಿದ ಮರುದಿನ ಗುರುವಾಯನಕೆರೆಗೆ ಹೊರಟೆ. ಈಗ ಇದನ್ನೆಲ್ಲ ಯಾಕೆ ಕೆದಕುವುದು ಅಮ್ಮಾ, ಯಾರಿಗೆ ಬೇಕು ಎಂದಳು ಮಗಳು. ನನಗೆ ಬೇಕು ಎಂದೆ.

ಅತ್ತಿಗೆ ರಸ್ತೆ ಬದಿಯ ಜಗಲಿಯಲ್ಲಿ ಕೂತು, ಮಳೆಗೆ ಒಣಗದ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಮಡಚುತ್ತಿದ್ದರು. ಈಗ ಅವರಿಗೆ ಕಿವಿ ಮಂದ. ನಾನು ಕೂತ ಕೂಡಲೇ ಹಳೆಯ ರಾಗ ತೆಗೆದರು. ನಿನ್ನ ಅಣ್ಣ ಅವತ್ತು ಒಂದು ಮಾತು ಹೇಳಿದ್ದರೆ ನಾವು ಧಣಿಗಳ ಹಿತ್ತಲಿನಲ್ಲಿಯೇ ಸುಖವಾಗಿ ಇರುತ್ತಿದ್ದೆವು ಎಂದರು. ನಾನು ಅವರ ಕೈಯಿಂದ ಬಟ್ಟೆ ತೆಗೆದು ಬದಿಗಿಟ್ಟು ಹೇಳಿದೆ. ಅವರು ಎಂಥ ಎಂದರು. ಇನ್ನೊಮ್ಮೆ ಹೇಳಿದೆ.

"ಬಾಯಿಯೊಳಗೆ ಗೊಣಗಬೇಡ. ಜೋರು ಹೇಳು ಮಾರಾಯ್ತಿ, ನನಗೆ ಕೇಳುವುದಿಲ್ಲ."

ಎದುರಿನ ಅಂಗಡಿಯಲ್ಲಿ ಚಾ ಕುಡಿಯುವವರು ಇದ್ದರು. ಬಸ್ಸಿಗೆ ನಿಂತವರು ಇದ್ದರು. ಅಣ್ಣನನ್ನು ಹೆಸರಿಟ್ಟು ಕರೆದವರ ಮಕ್ಕಳು ಮೊಮ್ಮಕ್ಕಳೂ ಅವರಲ್ಲಿ ಇರಬಹುದು. ಇರಲಿ, ಅವರಿಗೂ ಕೇಳಲಿ ಎನಿಸಿತು. ನಾನು ಎದ್ದು ನಿಂತೆ. ಹೊಳೆಯ ಆಚೆ ದಡದವರನ್ನು ಕರೆಯುವಾಗ ಎಷ್ಟು ಗಂಟಲು ತೆಗೆಯುತ್ತಿದ್ದೆನೋ ಅಷ್ಟೂ ತೆಗೆದೆ.

"ಧಣಿಗಳ ಕಾರಿನ ಲೈಟಿನ ತೂತು ಮುಚ್ಚಿದ್ದು ನಾನು ಅತ್ತಿಗೆ. ಅಣ್ಣ ಸುಳ್ಳು ಹೇಳಿದವನಲ್ಲ. ಮುಚ್ಚಿದ್ದು ಯಾರು ಅಂತ ಅವನಿಗೆ ಗೊತ್ತಿತ್ತು, ನನ್ನ ಹೆಸರು ಹೇಳಲಿಲ್ಲ. ನಾನು ಎದುರಿಗೇ ಇದ್ದೆ, ನಾನೂ ಹೇಳಲಿಲ್ಲ. ನಿಮ್ಮನ್ನು ಆ ಹೊಟ್ಟೆ ಹೊತ್ತುಕೊಂಡು ನಡೆಸಿದ್ದು ಅವನಲ್ಲ, ನಾನು. ತಪ್ಪಾಯಿತು. ಅಣ್ಣನ ಹತ್ತಿರವೂ, ನಿಮ್ಮ ಹತ್ತಿರವೂ, ನನ್ನಿಂದ ತಪ್ಪಾಯಿತು."